ಸಿಐಎಸ್‌ಎಸ್‌ಪಿ ಪರೀಕ್ಷೆಯ ಸಿದ್ಧತೆ

ಸಿಐಎಸ್‌ಎಸ್‌ಪಿ ಎಂಬುದು ಮಾಹಿತಿ ಸುರಕ್ಷತೆಯ ಕ್ಷೇತ್ರದಲ್ಲಿ ದುಡಿಯುವವರಿಗೆ ಐಎಸ್‌ಸಿ2 ಎಂಬ ಲಾಭೋದ್ದೇಶವಿಲ್ಲದ ಅಂತರರಾಷ್ಟ್ರೀಯ ಸಂಸ್ಥೆಯು ನೀಡುವ ವೃತ್ತಿಪರ ಪ್ರಮಾಣಪತ್ರ. ಸರ್ಟಿಫೈಡ್ ಇನ್ಫರ್ಮೇಶನ್ ಸಿಸ್ಟಮ್ಸ್ ಸೆಕ್ಯುರಿಟಿ ಪ್ರೊಫೆಷನಲ್ ಎಂಬುದು ಅದರ ಪೂರ್ಣ ಹೆಸರು. ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಇಲಾಖೆ ಮತ್ತು ತಂತ್ರಾಂಶ ಸಂಸ್ಥೆಗಳ ಮಾಹಿತಿಯನ್ನು ಕಾಯುವ ಹೊಣೆಯನ್ನು ಒಬ್ಬ ವ್ಯಕ್ತಿಗೆ ಒಪ್ಪಿಸಬಹುದೇ ಎಂಬುದಕ್ಕೆ ಈ ಪ್ರಮಾಣಪತ್ರವನ್ನು ಒಂದು ಸಾಕ್ಷಿಯೆಂದು ಪರಿಗಣಿಸಲಾಗುತ್ತದೆ. ಆದ್ದರಿಂದ ಅದನ್ನು ಪಡೆದ ಬಗೆಯೂ ಅದರ ಬೆಲೆಯ ಒಂದು ಭಾಗವೇ ಆಗಿದೆ. ಈ ಲೇಖನವು ಪರೀಕ್ಷೆಯ ಸ್ವರೂಪವನ್ನೂ ಅದಕ್ಕೆ ಪ್ರಾಮಾಣಿಕವಾಗಿ ಸಿದ್ಧರಾಗುವ ಕ್ರಮವನ್ನೂ ವಿವರಿಸುತ್ತದೆ.

ಹಿನ್ನೆಲೆ

ಐಎಸ್‌ಸಿ2 ಸಂಸ್ಥೆಯು 1989ರಲ್ಲಿ ಅಮೆರಿಕದಲ್ಲಿ ಸ್ಥಾಪನೆಗೊಂಡಿತು. ಸಿಐಎಸ್‌ಎಸ್‌ಪಿ ಪ್ರಮಾಣಪತ್ರವು 1994ರಲ್ಲಿ ಆರಂಭವಾಯಿತು. ವ್ಯಕ್ತಿಗಳಿಗೆ ಪ್ರಮಾಣಪತ್ರ ನೀಡುವ ಸಂಸ್ಥೆಗಳಿಗಾಗಿ ರೂಪಿಸಲಾದ ಐಎಸ್‌ಒ/ಐಇಸಿ 17024 ಎಂಬ ಮಾನದಂಡದ ಅನ್ವಯ 2004ರಲ್ಲಿ ಇದಕ್ಕೆ ಮಾನ್ಯತೆ ದೊರೆಯಿತು. ಮೊದಲು ಹತ್ತು ವಿಭಾಗಗಳಲ್ಲಿ ಹರಡಿದ್ದ ಪಠ್ಯವಸ್ತುವನ್ನು 2015ರಲ್ಲಿ ಎಂಟು ವಿಭಾಗಗಳಿಗೆ ಇಳಿಸಲಾಯಿತು.

ಪರೀಕ್ಷೆಯ ಸ್ವರೂಪ

2024ರ ಏಪ್ರಿಲ್ 15ರಿಂದ ಜಾರಿಗೆ ಬಂದ ಪಠ್ಯರೂಪರೇಷೆಯಲ್ಲಿ ಸುರಕ್ಷತೆ ಮತ್ತು ಅಪಾಯ ನಿರ್ವಹಣೆಯ ವಿಭಾಗಕ್ಕೆ ಅತಿ ಹೆಚ್ಚು, ಅಂದರೆ ಶೇ. 16ರಷ್ಟು ಪಾಲಿದೆ. ಸುರಕ್ಷತಾ ವಿನ್ಯಾಸ ಮತ್ತು ಎಂಜಿನಿಯರಿಂಗ್, ಸಂವಹನ ಮತ್ತು ಜಾಲದ ಸುರಕ್ಷತೆ, ಗುರುತು ಮತ್ತು ಪ್ರವೇಶದ ನಿರ್ವಹಣೆ, ಸುರಕ್ಷತಾ ಕಾರ್ಯಾಚರಣೆ ಇವಕ್ಕೆ ತಲಾ ಶೇ. 13, ಸುರಕ್ಷತೆಯ ಮೌಲ್ಯಮಾಪನ ಮತ್ತು ಪರೀಕ್ಷಣೆಗೆ ಶೇ. 12, ಮಾಹಿತಿ ಆಸ್ತಿಗಳ ಸುರಕ್ಷತೆಗೂ ತಂತ್ರಾಂಶ ರಚನೆಯ ಸುರಕ್ಷತೆಗೂ ತಲಾ ಶೇ. 10ರಷ್ಟು ಪಾಲನ್ನು ನಿಗದಿಪಡಿಸಲಾಗಿದೆ.

ಇಂಗ್ಲಿಷ್ ಭಾಷೆಯ ಪರೀಕ್ಷೆಯು 2017ರ ಡಿಸೆಂಬರ್‌ನಿಂದ ಅಭ್ಯರ್ಥಿಯ ಸಾಮರ್ಥ್ಯಕ್ಕೆ ಹೊಂದಿಕೊಳ್ಳುವ ಗಣಕ ಪರೀಕ್ಷೆಯಾಗಿದೆ. ಅದಕ್ಕೆ ಮುಂಚೆ ಆರು ಗಂಟೆಗಳಲ್ಲಿ 250 ಪ್ರಶ್ನೆಗಳನ್ನು ಉತ್ತರಿಸಬೇಕಿತ್ತು. ಈಗ ಮೂರು ಗಂಟೆಗಳ ಅವಧಿಯಲ್ಲಿ ಕನಿಷ್ಠ 100, ಗರಿಷ್ಠ 150 ಪ್ರಶ್ನೆಗಳು ಬರುತ್ತವೆ. ಅಭ್ಯರ್ಥಿಯು ಕೊಟ್ಟ ಉತ್ತರಗಳಿಂದ ಅವನ ಮಟ್ಟವನ್ನು ಅಂದಾಜು ಮಾಡಿ, ಸರಿ ಉತ್ತರಕ್ಕೂ ತಪ್ಪು ಉತ್ತರಕ್ಕೂ ಸರಿಸುಮಾರು ಸಮಾನ ಸಂಭವವಿರುವಂಥ ಪ್ರಶ್ನೆಯನ್ನೇ ಗಣಕವು ಮುಂದಿಡುತ್ತದೆ. ಚೆನ್ನಾಗಿ ಬಲ್ಲವರಿಗೆ ಕಠಿಣವಾದ ಪ್ರಶ್ನೆಗಳೇ ಎದುರಾಗುವುದರಿಂದ, ಉತ್ತೀರ್ಣರಾಗುವವರೂ ಪರೀಕ್ಷೆಯ ಉದ್ದಕ್ಕೂ ಸೋಲುತ್ತಿರುವಂತೆ ಭಾವಿಸುವುದು ಸಹಜ. ಒಮ್ಮೆ ದಾಟಿದ ಪ್ರಶ್ನೆಗೆ ಹಿಂದಿರುಗಲು ಅವಕಾಶವಿಲ್ಲ. ಪ್ರಶ್ನೆಗಳಲ್ಲಿ 25ಕ್ಕೆ ಅಂಕವೇ ಇಲ್ಲ. ಅವು ಮುಂದಿನ ಬಳಕೆಗಾಗಿ ಪ್ರಯೋಗಕ್ಕೆ ಇಟ್ಟವು. ಅವು ಯಾವುವೆಂದು ಅಭ್ಯರ್ಥಿಗೆ ತಿಳಿಯುವುದಿಲ್ಲ. ಉತ್ತೀರ್ಣತೆಗೆ 1000ಕ್ಕೆ 700ರ ಮಟ್ಟ ಬೇಕು.

ಅರ್ಹತೆ ಮತ್ತು ಅನುಮೋದನೆ

ಪರೀಕ್ಷೆಯಲ್ಲಿ ಉತ್ತೀರ್ಣರಾದ ಮಾತ್ರಕ್ಕೆ ಪ್ರಮಾಣಪತ್ರ ದೊರೆಯದು. ಎಂಟು ವಿಭಾಗಗಳ ಪೈಕಿ ಕನಿಷ್ಠ ಎರಡರಲ್ಲಿ ಒಟ್ಟು ಐದು ವರ್ಷಗಳ ಅನುಭವವಿರಬೇಕು. ಸಂಬಂಧಿತ ವಿಷಯದ ಪದವಿ ಅಥವಾ ಸಂಸ್ಥೆಯು ಒಪ್ಪಿದ ಇತರ ಪ್ರಮಾಣಪತ್ರವಿದ್ದಲ್ಲಿ ಒಂದು ವರ್ಷದ ರಿಯಾಯಿತಿ ಉಂಟು. ಉತ್ತೀರ್ಣರಾದ ಒಂಬತ್ತು ತಿಂಗಳೊಳಗೆ, ಈಗಾಗಲೇ ಐಎಸ್‌ಸಿ2 ಪ್ರಮಾಣಪತ್ರ ಹೊಂದಿರುವ ಒಬ್ಬರು ಅಭ್ಯರ್ಥಿಯ ಅನುಭವದ ವಿವರ ನಿಜವೆಂದು ಅನುಮೋದಿಸಬೇಕು. ಅಂಥವರ ಪರಿಚಯವಿಲ್ಲದಿದ್ದರೆ ಸಂಸ್ಥೆಯೇ ದಾಖಲೆಗಳನ್ನು ನೋಡಿ ಅನುಮೋದಿಸುತ್ತದೆ. ಕೆಲವು ಅರ್ಜಿಗಳನ್ನು ಆರಿಸಿ ಲೆಕ್ಕಪರಿಶೋಧನೆಯಂತೆ ಕೂಲಂಕಷವಾಗಿ ಪರಿಶೀಲಿಸುವ ಪದ್ಧತಿಯೂ ಇದೆ.

ಪ್ರಾಮಾಣಿಕತೆಯ ಮಾತು ಬಂದಾಗ ಎಲ್ಲರ ಗಮನವೂ ಪ್ರಶ್ನೆಪತ್ರಿಕೆಯ ಕಡೆಗೆ ಹರಿಯುತ್ತದೆ. ಅನುಭವದ ಪತ್ರದಲ್ಲಿ ನಡೆಯುವ ಉತ್ಪ್ರೇಕ್ಷೆ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಕಚೇರಿಯಲ್ಲಿ ಗಣಕಗಳ ದುರಸ್ತಿ ಮಾಡಿದ ವರ್ಷಗಳನ್ನು ಸುರಕ್ಷತಾ ಕಾರ್ಯಾಚರಣೆಯೆಂದು ಬರೆದುಕೊಳ್ಳುವುದು, ಗೆಳೆಯನೆಂಬ ದಾಕ್ಷಿಣ್ಯಕ್ಕೆ ಅದನ್ನು ಅನುಮೋದಿಸುವುದು, ಎರಡೂ ಸುಳ್ಳು ಸಾಕ್ಷಿಯೇ. ಅನುಮೋದಿಸಿದವರು ತಮ್ಮ ಪ್ರಮಾಣಪತ್ರವನ್ನೂ ಅಪಾಯಕ್ಕೆ ಒಡ್ಡಿರುತ್ತಾರೆ. ಅನುಭವ ಸಾಲದವರಿಗೆ ನೇರವಾದ ದಾರಿಯೇ ಇದೆ: ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಐಎಸ್‌ಸಿ2ರ ಅಸೋಸಿಯೇಟ್ ಎನಿಸಿಕೊಂಡು, ಆರು ವರ್ಷಗಳೊಳಗೆ ಅಗತ್ಯವಾದ ಅನುಭವವನ್ನು ಗಳಿಸಿಕೊಳ್ಳಬಹುದು.

ಸಿದ್ಧತೆಯ ಕ್ರಮ

ಸಿದ್ಧತೆಯ ಮೊದಲ ಹೆಜ್ಜೆ ಸಂಸ್ಥೆಯು ಉಚಿತವಾಗಿ ಪ್ರಕಟಿಸಿರುವ ಪಠ್ಯರೂಪರೇಷೆಯನ್ನು ಓದುವುದು. ಅದರ ಒಂದೊಂದು ಸಾಲಿನ ಎದುರಿಗೂ ತನಗೆ ತಿಳಿದಿದೆ, ಅರೆಬರೆ ತಿಳಿದಿದೆ, ತಿಳಿದಿಲ್ಲ ಎಂದು ಗುರುತು ಹಾಕಿಕೊಂಡರೆ ಓದಿನ ಯೋಜನೆ ತಾನಾಗಿಯೇ ಸಿದ್ಧವಾಗುತ್ತದೆ. ಜಾಲದ ಕೆಲಸದಲ್ಲಿ ಹತ್ತು ವರ್ಷ ಪಳಗಿದವರು ಜಾಲದ ಅಧ್ಯಾಯವನ್ನೇ ಮತ್ತೆ ಮತ್ತೆ ಓದಿ ಸಂತೋಷಪಡುವುದು ಸಾಮಾನ್ಯ ದೌರ್ಬಲ್ಯ. ಅವರಿಗೆ ಬೇಕಾದದ್ದು ಕಾನೂನು, ಅಪಾಯದ ಲೆಕ್ಕ, ತಂತ್ರಾಂಶ ರಚನೆ ಮುಂತಾದ ಅಪರಿಚಿತ ವಿಷಯಗಳ ಓದು.

ಅಧಿಕೃತ ಅಧ್ಯಯನ ಗ್ರಂಥವನ್ನು ವೈಲಿ ಪ್ರಕಾಶನದ ಸೈಬೆಕ್ಸ್ ಮಾಲೆಯು ಪ್ರಕಟಿಸುತ್ತದೆ. ಅದರ ಜೊತೆಗೆ ಮೂಲ ದಾಖಲೆಗಳನ್ನು ಓದುವ ಅಭ್ಯಾಸ ಒಳ್ಳೆಯದು. ಅಮೆರಿಕದ ಮಾನದಂಡ ಸಂಸ್ಥೆಯಾದ ನಿಸ್ಟ್‌ನ 800 ಶ್ರೇಣಿಯ ಪ್ರಕಟಣೆಗಳು ಯಾರಿಗಾದರೂ ಉಚಿತವಾಗಿ ಲಭ್ಯ. ಅಪಾಯ ನಿರ್ವಹಣೆಗೆ 800-37, ಅವಘಡದ ನಂತರದ ಚೇತರಿಕೆಯ ಯೋಜನೆಗೆ 800-34, ಸುರಕ್ಷತಾ ಘಟನೆಗಳ ನಿರ್ವಹಣೆಗೆ 800-61, ಹಳೆಯ ಡಿಸ್ಕುಗಳಿಂದ ಮಾಹಿತಿಯನ್ನು ಅಳಿಸುವ ವಿಧಾನಗಳಿಗೆ 800-88 ಸಂಖ್ಯೆಯ ಪ್ರಕಟಣೆಗಳು ಉಪಯುಕ್ತ. ಕೈಯಲ್ಲಿ ಹೆಚ್ಚು ಹಣವಿಲ್ಲದ ಅಭ್ಯರ್ಥಿಗೆ ಇವು ದೊಡ್ಡ ಆಸರೆ.

ಈ ಪರೀಕ್ಷೆಯಲ್ಲಿ ಕಂಠಪಾಠಕ್ಕಿಂತ ಕಾರಣದ ಅರಿವು ಹೆಚ್ಚು ಫಲ ನೀಡುತ್ತದೆ. ಬೆಲ್-ಲಪಾಡುಲಾ ಮತ್ತು ಬಿಬಾ ಎಂಬ ಎರಡು ಮಾದರಿಗಳು ಇದಕ್ಕೆ ಒಳ್ಳೆಯ ನಿದರ್ಶನ. ಮೊದಲನೆಯದು ಮೇಲಿನ ಹಂತದ್ದನ್ನು ಓದಬಾರದು, ಕೆಳಗಿನ ಹಂತಕ್ಕೆ ಬರೆಯಬಾರದು ಎನ್ನುತ್ತದೆ. ಎರಡನೆಯದು ಇದಕ್ಕೆ ತದ್ವಿರುದ್ಧ. ನಿಯಮಗಳನ್ನು ಬಾಯಿಪಾಠ ಮಾಡಿದವರು ಪರೀಕ್ಷೆಯ ಒತ್ತಡದಲ್ಲಿ ಒಂದನ್ನು ಇನ್ನೊಂದೆಂದು ತಿಳಿಯುವುದು ಸುಲಭ. ಮೊದಲನೆಯದರ ಗುರಿ ಗೋಪ್ಯತೆ, ಎರಡನೆಯದರ ಗುರಿ ಮಾಹಿತಿಯ ಸಮಗ್ರತೆ ಎಂದು ಅರಿತವರು ನಿಯಮವನ್ನು ಅಲ್ಲಿಯೇ ತರ್ಕಿಸಿ ಪಡೆಯಬಲ್ಲರು. ಶಾಲೆಯ ಉದಾಹರಣೆ ಕೊಡುವುದಾದರೆ, ಗೋಪ್ಯ ಪ್ರಶ್ನೆಪತ್ರಿಕೆಯನ್ನು ವಿದ್ಯಾರ್ಥಿಯು ಓದಬಾರದು. ಅದನ್ನು ಬಲ್ಲ ಮುಖ್ಯೋಪಾಧ್ಯಾಯರು ಅದರಲ್ಲಿರುವುದನ್ನು ಸೂಚನಾ ಫಲಕದಲ್ಲಿ ಬರೆಯಬಾರದು. ಇದು ಗೋಪ್ಯತೆ. ಪರಿಶೀಲಿಸಿದ ಅಂಕಪಟ್ಟಿಯ ವಿಷಯ ಬೇರೆ. ಅದನ್ನು ಎಲ್ಲರೂ ಓದಬಹುದು, ಆದರೆ ಕೆಳಗಿನವರು ಅದರಲ್ಲಿ ಬರೆಯುವಂತಿಲ್ಲ. ಅದನ್ನು ತುಂಬುವವರು ಯಾರೋ ತಂದುಕೊಟ್ಟ ಚೀಟಿಯನ್ನು ಓದಿ ಅಂಕ ಬರೆಯುವಂತಿಲ್ಲ. ಇದು ಸಮಗ್ರತೆ.

ಲೆಕ್ಕಗಳನ್ನೂ ಹೀಗೆಯೇ ಕಲಿಯಬೇಕು. ಒಂದೇ ಕೀಲಿಯಿಂದ ಗೂಢಲಿಪಿಗೆ ತಿರುಗಿಸಿ ಅದೇ ಕೀಲಿಯಿಂದ ಬಿಡಿಸುವ ಪದ್ಧತಿಯಲ್ಲಿ ಪ್ರತಿ ಜೋಡಿಗೂ ಪ್ರತ್ಯೇಕ ಕೀಲಿ ಬೇಕು. ಹತ್ತು ಜನರಿಗೆ 45 ಕೀಲಿಗಳು ಸಾಕು. ನೂರು ಜನರಾದರೆ 4,950 ಬೇಕಾಗುತ್ತವೆ. ಸಾರ್ವಜನಿಕ ಕೀಲಿಯ ಪದ್ಧತಿಯಲ್ಲಿ ಅದೇ ನೂರು ಜನರಿಗೆ 200 ಸಾಕು. ಈ ಅಂತರವನ್ನು ಕಾಗದದ ಮೇಲೆ ಒಮ್ಮೆ ಲೆಕ್ಕ ಹಾಕಿ ನೋಡಿದವರಿಗೆ ಸೂತ್ರ ಮರೆಯುವುದಿಲ್ಲ. ಅಪಾಯದ ಲೆಕ್ಕವೂ ಕಠಿಣವಲ್ಲ. 50 ಲಕ್ಷ ರೂಪಾಯಿ ಬೆಲೆಯ ವ್ಯವಸ್ಥೆಯೊಂದು ಪ್ರವಾಹದಿಂದ ಶೇ. 20ರಷ್ಟು ಹಾಳಾಗಬಹುದಾದರೆ ಒಂದು ಸಲದ ನಷ್ಟ 10 ಲಕ್ಷ. ಅಂಥ ಪ್ರವಾಹ ಐದು ವರ್ಷಕ್ಕೊಮ್ಮೆ ಬರುವುದಾದರೆ ವಾರ್ಷಿಕ ನಷ್ಟದ ಅಂದಾಜು 2 ಲಕ್ಷ. ಅದನ್ನು ತಡೆಯಲು ವರ್ಷಕ್ಕೆ 3 ಲಕ್ಷ ವೆಚ್ಚ ಮಾಡುವುದು ಲೆಕ್ಕದ ದೃಷ್ಟಿಯಿಂದ ಸರಿಯಲ್ಲ. ಆದರೆ ಆ ಪ್ರವಾಹದಿಂದ ಮನುಷ್ಯರ ಪ್ರಾಣಕ್ಕೆ ಸಂಚಕಾರವಿದ್ದರೆ ಲೆಕ್ಕ ಹಿಂದೆ ಸರಿಯುತ್ತದೆ. ಪ್ರಾಣರಕ್ಷಣೆ ಮೊದಲು ಎಂಬುದು ಈ ಪಠ್ಯದ ಎಲ್ಲ ವಿಭಾಗಗಳಿಗೂ ಅನ್ವಯಿಸುವ ತತ್ತ್ವ.

ಅಭ್ಯಾಸ ಪ್ರಶ್ನೆಯೊಂದಕ್ಕೆ ಸರಿ ಉತ್ತರ ಹೊಳೆದೊಡನೆ ಮುಂದಿನದಕ್ಕೆ ಹೋಗುವುದರಿಂದ ಪ್ರಯೋಜನ ಕಡಿಮೆ. ಉಳಿದ ಮೂರು ಆಯ್ಕೆಗಳು ಏಕೆ ಸರಿಯಲ್ಲ, ಯಾವ ಸಂದರ್ಭದಲ್ಲಿ ಅವೇ ಸರಿಯಾಗುತ್ತಿದ್ದವು ಎಂಬುದನ್ನು ಸ್ವಂತ ಮಾತಿನಲ್ಲಿ ಬರೆದಿಡುವ ಅಭ್ಯರ್ಥಿಯು ಒಂದು ಪ್ರಶ್ನೆಯಿಂದ ನಾಲ್ಕು ಪಾಠ ಕಲಿಯುತ್ತಾನೆ.

ಮಾದರಿ ಪ್ರಶ್ನೆಗಳು ಮತ್ತು ಕದ್ದ ಪ್ರಶ್ನೆಗಳು

ಎಸ್ಸೆಸ್ಸೆಲ್ಸಿಯಿಂದ ಪದವಿಯವರೆಗೆ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ ಬೆಳೆದ ವಿದ್ಯಾರ್ಥಿಗೆ ಈ ಪರೀಕ್ಷೆಯ ಹಳೆಯ ಪ್ರಶ್ನೆಗಳನ್ನು ಹುಡುಕುವುದು ತಪ್ಪೆಂದು ತೋರದಿರಬಹುದು. ಎರಡಕ್ಕೂ ಇರುವ ಭೇದವನ್ನು ತಿಳಿಯುವುದು ಅಗತ್ಯ. ಶಾಲಾ ಮಂಡಳಿಯ ಪ್ರಶ್ನೆಪತ್ರಿಕೆಯು ಪರೀಕ್ಷೆ ಮುಗಿದ ಗಳಿಗೆಯಿಂದ ಬಹಿರಂಗ. ಮುಂದಿನ ವರ್ಷಕ್ಕೆ ಹೊಸ ಪತ್ರಿಕೆ ಸಿದ್ಧವಾಗುತ್ತದೆ. ಸಿಐಎಸ್‌ಎಸ್‌ಪಿಯಲ್ಲಿ ಹಾಗಲ್ಲ. ಪ್ರಶ್ನೆಗಳ ಒಂದು ಭಂಡಾರವಿದ್ದು, ಅದರಿಂದಲೇ ಬೇರೆ ಬೇರೆ ಅಭ್ಯರ್ಥಿಗಳಿಗೆ ಪ್ರಶ್ನೆಗಳು ಹೋಗುತ್ತವೆ. ಹಿಂದಿನ ಪತ್ರಿಕೆಯನ್ನು ಸಂಸ್ಥೆಯು ಪ್ರಕಟಿಸುವುದಿಲ್ಲ. ಆದ್ದರಿಂದ ನಿಜವಾದ ಪರೀಕ್ಷೆಯ ಪ್ರಶ್ನೆಗಳೆಂದು ಯಾರಾದರೂ ಮಾರುತ್ತಿದ್ದರೆ ಅವು ಕದ್ದವಾಗಿರಬೇಕು, ಇಲ್ಲವೇ ಖೋಟಾ ಆಗಿರಬೇಕು. ಇಂಥ ಸಂಗ್ರಹಗಳಿಗೆ ಬ್ರೇನ್ ಡಂಪ್ ಎಂಬ ಹೆಸರು ರೂಢಿಯಲ್ಲಿದೆ.

ಪರೀಕ್ಷೆ ಆರಂಭವಾಗುವ ಮುನ್ನ ಪ್ರತಿ ಅಭ್ಯರ್ಥಿಯೂ ಪ್ರಶ್ನೆಗಳನ್ನು ಬಹಿರಂಗಪಡಿಸುವುದಿಲ್ಲವೆಂಬ ಒಪ್ಪಂದಕ್ಕೆ ಸಮ್ಮತಿಸಬೇಕು. ಸಮ್ಮತಿಸದವರಿಗೆ ಪರೀಕ್ಷೆಯೇ ಇಲ್ಲ. ಹಣ ಪಡೆದು ಮಾರುವವರಿಗೆ ಮಾತ್ರ ಇದು ಅನ್ವಯಿಸುತ್ತದೆಂದು ಭಾವಿಸಬಾರದು. ಪರೀಕ್ಷೆ ಮುಗಿಸಿ ಬಂದ ಸಂಜೆ ಸಹೋದ್ಯೋಗಿಗೆ ನೆನಪಿನಿಂದ ಹತ್ತು ಪ್ರಶ್ನೆಗಳನ್ನು ಹೇಳುವುದು ಅದೇ ಒಪ್ಪಂದದ ಉಲ್ಲಂಘನೆ. ಓದಿದ ಪುಸ್ತಕಗಳು, ಸಮಯದ ಹಂಚಿಕೆ, ತನಗೆ ಕಷ್ಟವೆನಿಸಿದ ವಿಭಾಗಗಳ ಬಗ್ಗೆ ಮಾತನಾಡಲು ಅಡ್ಡಿಯಿಲ್ಲ. ನೆರವಾಗುವ ಮನಸ್ಸಿರುವವರಿಗೆ ಅಷ್ಟು ಅವಕಾಶ ಸಾಲುತ್ತದೆ. ಪಠ್ಯದ ತತ್ತ್ವಗಳನ್ನು ಆಧರಿಸಿ ಲೇಖಕರು ಸ್ವತಂತ್ರವಾಗಿ ರಚಿಸಿದ ಅಭ್ಯಾಸ ಪ್ರಶ್ನೆಗಳ ಬಳಕೆಯೂ ಸಂಪೂರ್ಣವಾಗಿ ನ್ಯಾಯಸಮ್ಮತ. ಮಾರಾಟಗಾರನು ತನ್ನ ಪ್ರಶ್ನೆಗಳ ಮೂಲವನ್ನು ಹೇಳುತ್ತಾನೆಯೇ, ಪ್ರಶ್ನೆಗಳು ಪರೀಕ್ಷೆಯಲ್ಲಿ ಹಾಗೆಯೇ ಬರುತ್ತವೆಂದು ಭರವಸೆ ಕೊಡುತ್ತಾನೆಯೇ ಎಂದು ನೋಡಿದರೆ ಬಹುಮಟ್ಟಿಗೆ ಭೇದ ಗೊತ್ತಾಗುತ್ತದೆ. ಅಂಥ ಭರವಸೆಯೇ ಅಪರಾಧದ ಒಪ್ಪಿಗೆ.

ಕಾನೂನು ಈ ವ್ಯಾಪಾರವನ್ನು ಲಘುವಾಗಿ ಕಂಡಿಲ್ಲ. ಮೈಕ್ರೋಸಾಫ್ಟ್ ಪ್ರಮಾಣಪತ್ರಗಳ ಪರೀಕ್ಷಾ ಪ್ರಶ್ನೆಗಳನ್ನು ಮಾರುತ್ತಿದ್ದ ಅಮೆರಿಕದ ವಾಷಿಂಗ್ಟನ್ ರಾಜ್ಯದ ವ್ಯಕ್ತಿಯೊಬ್ಬನು 2002ರಲ್ಲಿ ವ್ಯಾಪಾರ ರಹಸ್ಯಗಳ ಕಳವಿನ ಅಪರಾಧವನ್ನು ಒಪ್ಪಿಕೊಂಡನು. ಅವನಿಗೆ ಸೆರೆವಾಸದ ಶಿಕ್ಷೆಯಾಯಿತು. ಕೊಂಡವರಿಗೂ ಅಪಾಯ ತಪ್ಪದು. ಐಎಸ್‌ಸಿ2ರ ನೀತಿಸಂಹಿತೆಯ ನಾಲ್ಕು ಸೂತ್ರಗಳಲ್ಲಿ ಎರಡನೆಯದು ಗೌರವ, ಪ್ರಾಮಾಣಿಕತೆ, ನ್ಯಾಯ, ಹೊಣೆಗಾರಿಕೆ ಮತ್ತು ಕಾನೂನಿಗೆ ಅನುಗುಣವಾಗಿ ನಡೆಯಬೇಕೆನ್ನುತ್ತದೆ. ಅದನ್ನು ತಿಳಿದೂ ಮೀರಿದವರ ಪ್ರಮಾಣಪತ್ರವನ್ನು ರದ್ದುಪಡಿಸಲು ಅವಕಾಶವಿದೆ.

ಭಾಷಾಶಾಸ್ತ್ರಜ್ಞ ಆಗಸ್ಟ್ ಕೆರ್ಕ್‌ಹಾಫ್ಸ್ 1883ರಲ್ಲಿ ಪ್ರತಿಪಾದಿಸಿದ ತತ್ತ್ವವೊಂದು ಈ ಪಠ್ಯದಲ್ಲಿಯೂ ಬರುತ್ತದೆ: ಗೂಢಲಿಪಿಯ ಯಂತ್ರವು ಶತ್ರುವಿನ ಕೈಸೇರಿದರೂ ತೊಂದರೆಯಾಗಬಾರದು, ಕೀಲಿ ಮಾತ್ರ ಗುಟ್ಟಾಗಿರಬೇಕು. ಪರೀಕ್ಷೆಯೂ ಇದೇ ರೀತಿಯದು. ಪಠ್ಯ, ಅಂಕಗಳ ಹಂಚಿಕೆ, ನಿಯಮಗಳು ಎಲ್ಲವೂ ಬಹಿರಂಗ, ಪ್ರಶ್ನೆಗಳಷ್ಟೇ ಗುಟ್ಟು. ಅದನ್ನು ಸೋರಿಸಿ ಉತ್ತೀರ್ಣನಾದವನಿಗೆ ನಾಳೆ ಒಂದು ಬ್ಯಾಂಕಿನ ಕೀಲಿಗಳನ್ನು ಒಪ್ಪಿಸಲಾಗುತ್ತದೆ. ಒಂದು ರಾತ್ರಿ ದಾಳಿ ನಡೆದಾಗ ಮೊದಲು ಯಾವ ಗಣಕವನ್ನು ಜಾಲದಿಂದ ಬೇರ್ಪಡಿಸಬೇಕು, ಯಾವ ಸಾಕ್ಷ್ಯವನ್ನು ಉಳಿಸಬೇಕು ಎಂಬ ತೀರ್ಮಾನ ಅವನದೇ ಆಗಿರುತ್ತದೆ. ಅದರ ಫಲವನ್ನು ಅನುಭವಿಸುವವರು ಉಳಿತಾಯದ ಹಣವಿಟ್ಟ ಠೇವಣಿದಾರರು.

ಕನ್ನಡಿಗ ಅಭ್ಯರ್ಥಿಗಳು

ಬೆಂಗಳೂರಿನಲ್ಲಿ ಪಿಯರ್ಸನ್ ವ್ಯೂ ಸಂಸ್ಥೆಯ ಪರೀಕ್ಷಾ ಕೇಂದ್ರಗಳಿವೆ. ಆದರೆ ಪರೀಕ್ಷೆಯು ಕನ್ನಡದಲ್ಲಿ ಲಭ್ಯವಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರನ್ನು ಪಾರಿಭಾಷಿಕ ಪದಗಳಿಗಿಂತ ಸಣ್ಣ ಇಂಗ್ಲಿಷ್ ಪದಗಳೇ ಹೆಚ್ಚು ಕಾಡುತ್ತವೆ. ಪ್ರಶ್ನೆಯು ಮೊದಲು ಮಾಡಬೇಕಾದದ್ದನ್ನು ಕೇಳುತ್ತಿದೆಯೋ, ಅತ್ಯುತ್ತಮವಾದದ್ದನ್ನೋ, ಅತಿ ಕಡಿಮೆ ಸಂಭವವಿರುವುದನ್ನೋ ಎಂಬುದು ಒಂದು ಪದದ ಮೇಲೆ ನಿಂತಿರುತ್ತದೆ. ಪ್ರಶ್ನೆಯನ್ನು ಮನಸ್ಸಿನಲ್ಲಿಯೇ ಕನ್ನಡದಲ್ಲಿ ಒಮ್ಮೆ ಹೇಳಿಕೊಂಡು ನಂತರ ಆಯ್ಕೆಗಳನ್ನು ನೋಡುವುದು ಇದಕ್ಕೆ ಸುಲಭವಾದ ಉಪಾಯ. ಡ್ಯೂ ಡಿಲಿಜೆನ್ಸ್ ಮತ್ತು ಡ್ಯೂ ಕೇರ್ ಎಂಬ ಜೋಡಿಪದಗಳು ನಿಘಂಟಿನಲ್ಲಿ ಒಂದೇ ಅರ್ಥದವುಗಳಂತೆ ಕಾಣುತ್ತವೆ. ಮೊದಲನೆಯದು ಅಪಾಯವನ್ನು ಮುಂಚಿತವಾಗಿ ವಿಚಾರಿಸಿ ತಿಳಿಯುವುದು, ಎರಡನೆಯದು ತಿಳಿದ ಮೇಲೆ ಮಾಡಬೇಕಾದದ್ದನ್ನು ಮಾಡುವುದು ಎಂದು ಇಟ್ಟುಕೊಂಡರೆ ಗೊಂದಲವಿರದು. ಕಾನೂನಿನ ಭಾಗದಲ್ಲಿ ಭಾರತದ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಪರಿಚಯವಷ್ಟೇ ಸಾಲದು. 2018ರಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಜಿಡಿಪಿಆರ್‌ನಂಥ ವಿದೇಶಿ ನಿಯಮಗಳನ್ನೂ ಓದಬೇಕಾಗುತ್ತದೆ.

ಪರೀಕ್ಷೆಯ ದಿನ ಮತ್ತು ನಂತರ

ಕೇಂದ್ರದಲ್ಲಿ ಗುರುತಿನ ಚೀಟಿಯ ಪರಿಶೀಲನೆಯ ಜೊತೆಗೆ ಭಾವಚಿತ್ರವನ್ನೂ ಅಂಗೈಯ ರಕ್ತನಾಳಗಳ ವಿನ್ಯಾಸವನ್ನೂ ದಾಖಲಿಸಿಕೊಳ್ಳಲಾಗುತ್ತದೆ. ನಡುವೆ ಎದ್ದುಹೋಗಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ. ಉತ್ತೀರ್ಣರಾದವರಿಗೆ ಅಂಕವನ್ನು ತಿಳಿಸುವ ಪದ್ಧತಿಯಿಲ್ಲ. ಅನುತ್ತೀರ್ಣರಾದವರಿಗೆ ಯಾವ ವಿಭಾಗದಲ್ಲಿ ಮಟ್ಟಕ್ಕಿಂತ ಕೆಳಗಿದ್ದರು, ಯಾವುದರಲ್ಲಿ ಮಟ್ಟದ ಸಮೀಪವಿದ್ದರು ಎಂಬ ವರದಿ ಸಿಗುತ್ತದೆ. ಮುಂದಿನ ಓದಿಗೆ ಅದಕ್ಕಿಂತ ಒಳ್ಳೆಯ ಮಾರ್ಗದರ್ಶಿ ಬೇರೆಯಿಲ್ಲ. ಮೊದಲ ಸೋಲಿನ ನಂತರ 30 ದಿನ, ಎರಡನೆಯದರ ನಂತರ 60 ದಿನ, ಮೂರನೆಯದರ ನಂತರ 90 ದಿನ ಕಾಯಬೇಕು. ಹನ್ನೆರಡು ತಿಂಗಳಲ್ಲಿ ನಾಲ್ಕು ಸಲ ಮಾತ್ರ ಬರೆಯಬಹುದು. ಅಮೆರಿಕದಲ್ಲಿ 749 ಡಾಲರ್ ಇರುವ ಪರೀಕ್ಷಾ ಶುಲ್ಕವು ಹಗುರವಾದದ್ದಲ್ಲ. ಅಡ್ಡದಾರಿಯ ಆಸೆ ಹುಟ್ಟುವುದು ಬಹುಶಃ ಈ ಮೊದಲ ಸೋಲಿನ ನಂತರವೇ.

ಪ್ರಮಾಣಪತ್ರದ ಅವಧಿ ಮೂರು ವರ್ಷ. ಅದನ್ನು ಉಳಿಸಿಕೊಳ್ಳಲು ವಾರ್ಷಿಕ ಶುಲ್ಕವನ್ನು ಪಾವತಿಸುವುದರ ಜೊತೆಗೆ, ಆ ಮೂರು ವರ್ಷಗಳಲ್ಲಿ ಮುಂದುವರಿದ ಕಲಿಕೆಯ 120 ಅಂಶಗಳನ್ನು ಗಳಿಸಬೇಕು. ಕಲಿಕೆಯ ವಿವರವನ್ನು ಸದಸ್ಯರು ತಾವೇ ದಾಖಲಿಸುತ್ತಾರೆ; ಸಂಸ್ಥೆಯು ಕೆಲವರನ್ನು ಆಯ್ದು ಅದಕ್ಕೆ ಆಧಾರಗಳನ್ನು ಕೇಳುತ್ತದೆ.