ಬುಕಾನನ್ ಕಂಡ ಬಯಲುಸೀಮೆಯ ಬೆಳೆಗಳು

ಟಿಪ್ಪು ಸುಲ್ತಾನನು 1799ರಲ್ಲಿ ಮಡಿದ ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿಯು ಮೈಸೂರು, ಕೆನರಾ, ಮಲಬಾರ್ ಸೀಮೆಗಳ ಬೇಸಾಯ, ಕಸುಬು, ವ್ಯಾಪಾರಗಳನ್ನು ಕಂಡು ವರದಿ ಸಲ್ಲಿಸಲು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್‌ನನ್ನು ನೇಮಿಸಿದನು. 1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ಜಾನ್ ಹೋಪ್‌ನ ಬಳಿ ಸಸ್ಯಶಾಸ್ತ್ರ ಕಲಿತು, 1795ರಲ್ಲಿ ಬರ್ಮಾದ ಗಿಡಮರಗಳನ್ನು ಅಭ್ಯಸಿಸಿದ್ದ ಇವನು 1800ರ ಏಪ್ರಿಲಿನಲ್ಲಿ ಮದ್ರಾಸಿನಿಂದ ಹೊರಟು, ಅದೇ ವರ್ಷದ ಮಳೆಗಾಲದಲ್ಲಿ ಕೋಲಾರದಿಂದ ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳ ದಾರಿ ಹಿಡಿದನು. ಇಂದು ಶಿಡ್ಲಘಟ್ಟ ತಾಲ್ಲೂಕಿಗೆ ಸೇರಿದ ಸಾದಲಿಯ ಸುತ್ತಲಿನ ಕೆಂಪುಮಣ್ಣು, ಕಲ್ಲುಗುಡ್ಡ, ಕೆರೆಗಳ ನಾಡು ಇದೇ ಸೀಮೆಯ ಭಾಗ.

ಸಾಗರಯಾನಗಳ ಕಾಲದ ಯುರೋಪಿನಲ್ಲಿ ಸಸ್ಯವೊಂದನ್ನು ‘ಕಂಡುಹಿಡಿಯುವುದು’ ಎಂದರೆ ಅದಕ್ಕೆ ಸಸ್ಯಶಾಸ್ತ್ರಜ್ಞ ಲಿನೀಯಸ್‌ನ ಪದ್ಧತಿಯಂತೆ ಕುಲ ಮತ್ತು ಪ್ರಭೇದಗಳನ್ನು ಸೂಚಿಸುವ ಎರಡು ಪದಗಳ ಲ್ಯಾಟಿನ್ ಹೆಸರು ಕೊಟ್ಟು, ಲಕ್ಷಣಗಳನ್ನು ಬರೆದು ಪ್ರಕಟಿಸುವುದು ಎಂದೇ ಅರ್ಥವಾಗಿತ್ತು. ಈ ಅರ್ಥದಲ್ಲಿ ನೋಡಿದರೆ ಬಯಲುಸೀಮೆಯ ಮುಖ್ಯ ಬೆಳೆಯಾದ ರಾಗಿಯಲ್ಲಿ ಬುಕಾನನ್‌ಗೆ ಹೊಸದೇನೂ ಉಳಿದಿರಲಿಲ್ಲ, ಏಕೆಂದರೆ ಲಿನೀಯಸ್ ಅದಕ್ಕೆ ಆಗಲೇ ಹೆಸರಿಟ್ಟಿದ್ದನು; ಇಂದಿಗೂ ಎಲ್ಯೂಸಿನ್ ಕೊರಕಾನಾ ಎಂಬ ಹೆಸರಿನ ಎರಡನೆಯ ಪದ ಬಂದಿರುವುದು ರಾಗಿಯ ಸಿಂಹಳ ಹೆಸರಾದ ‘ಕುರಕ್ಕನ್’ನಿಂದ. ಕನ್ನಡನಾಡಿನ ಅನ್ನವು ಶಾಸ್ತ್ರಕ್ಕೆ ಸೇರಿದ್ದು ಸಿಂಹಳ ದ್ವೀಪದ ಮಾತಿನಲ್ಲಿ.

ಆದರೂ ಅವನ ಬರವಣಿಗೆಯ ನಿಜವಾದ ಬೆಲೆಯಿರುವುದು ಲ್ಯಾಟಿನ್ ಹೆಸರುಗಳಲ್ಲಿ ಅಲ್ಲ. ರಾಗಿಯಲ್ಲಿ ಕರಿ, ಕೆಂಪು ಮುಂತಾದ ತಳಿಗಳನ್ನು ರೈತರು ಹೇಗೆ ಬೇರ್ಪಡಿಸುತ್ತಾರೆ, ಬೀಜವನ್ನು ಸಾಲಾಗಿ ಬೀಳಿಸುವ ಬಿದಿರುಕೊಳವೆಗಳ ಸಾಧನವಾದ ಕೂರಿಗೆಯಿಂದ ಹೇಗೆ ಬಿತ್ತುತ್ತಾರೆ, ನಡುನಡುವೆ ಅವರೆ, ತೊಗರಿಗಳ ಸಾಲನ್ನು ಹೇಗೆ ಇಡುತ್ತಾರೆ, ಬೆಳೆದ ಕಾಳನ್ನು ಹಗೇವು, ಅಂದರೆ ನೆಲದಡಿಯ ಕಣಜದಲ್ಲಿ, ವರ್ಷಗಟ್ಟಲೆ ಹೇಗೆ ಕೆಡದಂತೆ ಕಾಪಾಡುತ್ತಾರೆ ಎಂಬುದನ್ನೆಲ್ಲ ಅವನು ಬೇಸಾಯಗಾರರನ್ನೇ ವಿಚಾರಿಸಿ, ಅವರ ಮಾತುಗಳನ್ನು ಕಿವಿಗೆ ಬಿದ್ದಂತೆ ರೋಮನ್ ಲಿಪಿಯಲ್ಲಿ ಬರೆದುಕೊಂಡನು. ಉತ್ತರ ಕೊಟ್ಟ ರೈತರ ಹೆಸರುಗಳು ಹೆಚ್ಚಾಗಿ ದಾಖಲಾಗದೆ ಹೋದದ್ದು ಮರೆಯಲಾಗದ ನಷ್ಟ.

1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಬುಕಾನನ್‌ನ ಪ್ರವಾಸಕಥನದಲ್ಲಿ ಸ್ಥಳೀಯ ಹೆಸರೂ ಶಾಸ್ತ್ರೀಯ ಹೆಸರೂ ಜೊತೆಜೊತೆಗೆ ಬರುತ್ತವೆ. ಎಣ್ಣೆಗೂ ಗೊಬ್ಬರದ ಸೊಪ್ಪಿಗೂ ಒದಗುವ ಹೊಂಗೆಯು ಅಲ್ಲಿ ರಾಬಿನಿಯಾ ಮೈಟಿಸ್ ಆಗಿದೆ. ಆ ಮರವನ್ನು ಸಸ್ಯಶಾಸ್ತ್ರಜ್ಞರು ಮುಂದೆ ಪೊಂಗಾಮಿಯಾ ಕುಲಕ್ಕೂ ಮಿಲೆಟಿಯಾ ಕುಲಕ್ಕೂ ಸೇರಿಸಿದರು. ಇಥಿಯೋಪಿಯಾ ಮೂಲದ್ದಾದರೂ ಬಹುಕಾಲದಿಂದ ಇಲ್ಲಿನ ಹೊಲದಲ್ಲಿ ನೆಲೆನಿಂತ ಎಣ್ಣೆಬೀಜವೊಂದಕ್ಕೆ ಸಸ್ಯಶಾಸ್ತ್ರಜ್ಞ ರಾಕ್ಸ್‌ಬರೋ ಕೊಟ್ಟಿದ್ದ ವರ್ಬೆಸಿನಾ ಸಟೈವಾ ಎಂಬ ಹೆಸರು ಕಾಲಕ್ರಮದಲ್ಲಿ ಬಿಟ್ಟುಹೋಗಿ, ಗೈಜೋಷಿಯಾ ಅಬಿಸಿನಿಕಾ ಎಂಬುದು ಬಂದಿತು; ಬುಕಾನನ್ ತನ್ನ ಕಾಗುಣಿತದಲ್ಲಿ ಗುರುತು ಹಾಕಿಕೊಂಡ ‘ಹುಚ್ಚೆಳ್ಳು’ ಮಾತ್ರ ಬಯಲುಸೀಮೆಯ ಹೊಲಗಳಲ್ಲಿ ಈಗಲೂ ಹುಚ್ಚೆಳ್ಳೇ.