ನೀಲಿಯಿಂದ ಚಳಿಜ್ವರದ ಮದ್ದಿನವರೆಗೆ

ಅನಿಲೀನ್ ಎಂಬ ರಾಸಾಯನಿಕ ದ್ರವ್ಯದ ಹೆಸರನ್ನು ಕೇಳಿದೊಡನೆ ಸಂಸ್ಕೃತಜ್ಞರಿಗೆ ವಾಯುವಾಚಕವಾದ ‘ಅನಿಲ’ ಶಬ್ದವು ನೆನಪಾಗುವುದು ಸಹಜವೇ ಸರಿ. ಆದರೆ ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ. ಸಂಸ್ಕೃತದ ‘ನೀಲ’ ಶಬ್ದವೇ ಅರಬರಲ್ಲಿ ‘ಅನ್ನೀಲ್’ ಎಂದಾಗಿ, ಪೋರ್ತುಗೀಜರಲ್ಲಿ ‘ಅನಿಲ್’ ಎಂದು ನಿಂತು, ಕಡೆಗೆ ಈ ಹೆಸರಿಗೆ ಮೂಲವಾಯಿತು. ೧೮೨೬ರಲ್ಲಿ ಉನ್‌ಫೆರ್ಡೋರ್ಬೆನ್ ಎಂಬ ಜರ್ಮನ್ ಪಂಡಿತನು ಗಿಡದ ನೀಲಿಯನ್ನು ಬಟ್ಟಿಯಿಳಿಸಿ ಈ ದ್ರವವನ್ನು ಪಡೆದನು. ೧೮೩೪ರಲ್ಲಿ ರುಂಗೆಯು ಕಲ್ಲಿದ್ದಲಿನ ಡಾಂಬರಿನಲ್ಲಿ ಇದನ್ನೇ ಕಂಡನು. ೧೮೪೨ರಲ್ಲಿ ರಶಿಯಾದ ಝಿನಿನ್ ನೈಟ್ರೊಬೆಂಜೀನಿನಿಂದ ಇದನ್ನು ತಯಾರಿಸಿದನು. ಹೆಸರುಗಳು ಬೇರೆಯಾದರೂ ವಸ್ತುವು ಒಂದೇ ಎಂದು ೧೮೪೩ರಲ್ಲಿ ಸಿದ್ಧಪಡಿಸಿದವನು ಹಾಫ್‌ಮನ್.

ದೂರದೇಶದ ಈ ಶೋಧನೆಗೂ ಕಾಳೀತೀರದ ಕಾಡುಗಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಹಳಿಯಾಳ, ದಾಂಡೇಲಿ, ಮುಂಡಗೋಡ, ಹಿಂದಿನ ಸೂಪಾ ಎಂದರೆ ಈಗಿನ ಜೋಯಿಡಾ, ಈ ಘಟ್ಟದ ಮೇಲಣ ಸೀಮೆಯು ಒಂದು ಕಾಲಕ್ಕೆ ಚಳಿಜ್ವರಕ್ಕೆ ಹೆಸರಾಗಿದ್ದಿತು. ಆಯುರ್ವೇದವು ವಿಷಮಜ್ವರವೆಂದು ಕರೆದು, ದಿನ ಬಿಟ್ಟು ದಿನ ಬರುವುದನ್ನು ತೃತೀಯಕವೆಂದೂ, ಎರಡು ದಿನ ಬಿಟ್ಟು ಬರುವುದನ್ನು ಚತುರ್ಥಕವೆಂದೂ ವಿಂಗಡಿಸಿದ ವ್ಯಾಧಿಯು ಇಲ್ಲಿ ಮನೆಮನೆಯ ಅತಿಥಿಯಾಗಿದ್ದಿತು. ಸಿಂಕೋನಾ ಮರದ ತೊಗಟೆಯಿಂದ ಬರುವ ಕ್ವಿನೈನೇ ಬಹುಕಾಲ ಇದಕ್ಕೆ ಮುಖ್ಯವಾದ ಮದ್ದು.

ಆ ಕ್ವಿನೈನನ್ನು ಕೃತಕವಾಗಿ ಮಾಡಬೇಕೆಂದೇ ಹಾಫ್‌ಮನ್ನನ ಶಿಷ್ಯನೂ ಹದಿನೆಂಟರ ತರುಣನೂ ಆದ ಪರ್ಕಿನ್ ೧೮೫೬ರಲ್ಲಿ ಲಂಡನ್ನಿನಲ್ಲಿ ಹೊರಟನು. ಮದ್ದು ದೊರೆಯಲಿಲ್ಲ, ಅನಿಲೀನಿನಿಂದ ನೇರಿಳೆ ಬಣ್ಣವು ದೊರೆಯಿತು. ಅವನ ಅನಿಲೀನ್ ಶುದ್ಧವಾಗಿರಲಿಲ್ಲ. ಅದರಲ್ಲಿ ಬೆರೆತಿದ್ದ ಟೊಲುಯಿಡೀನ್‌ಗಳಿಲ್ಲದೆ ಆ ಬಣ್ಣವು ಹುಟ್ಟುತ್ತಿರಲಿಲ್ಲ. ಟೊಲುಯಿಡೀನ್ ಎಂದರೆ ಅನಿಲೀನಿನ ಆರು ಇಂಗಾಲದ ಉಂಗುರದಲ್ಲಿ ಒಂದು ಜಲಜನಕದ ಸ್ಥಾನಕ್ಕೆ ಬೇರೊಂದು ಗುಂಪು ಬಂದು ಕುಳಿತ ವಸ್ತು. ಬಣ್ಣ, ಔಷಧಗಳ ಮುಂದಿನ ಇತಿಹಾಸವು ಬಹುಮಟ್ಟಿಗೆ ಇಂತಹ ಆದೇಶಗಳ ಇತಿಹಾಸವೇ.

ಅನಿಲೀನನ್ನಾಗಲಿ ಅದರ ಬಳಗವನ್ನಾಗಲಿ ಪಡೆಯಲು ಉಂಗುರಕ್ಕೆ ಮೊದಲು ನೈಟ್ರೊ ಗುಂಪನ್ನು ಸೇರಿಸಿ, ಬಳಿಕ ಅದರ ಆಮ್ಲಜನಕವನ್ನು ಕಳೆದು ಜಲಜನಕವನ್ನು ಕೂಡಿಸಬೇಕು. ೧೮೫೪ರಲ್ಲಿ ಫ್ರಾನ್ಸಿನ ಬೆಷಾಂಪ್ ಇದನ್ನು ಕಬ್ಬಿಣದ ಪುಡಿ ಮತ್ತು ಆಮ್ಲಗಳಿಂದ ಸಾಧಿಸಿದನು. ಕೆಲಸವೇನೋ ಆಯಿತು, ಕಬ್ಬಿಣವು ವೆಚ್ಚವಾಗಿ ಕೆಸರಿನ ರಾಶಿಯು ಉಳಿಯಿತು. ೧೯೦೧ರ ಸುಮಾರಿಗೆ ಸಬಾತಿಯೆ ಮತ್ತು ಸಾಂದರಾಂ ಎಂಬಿಬ್ಬರು ಕಾದ ತಾಮ್ರದ ಮೇಲೆ ನೈಟ್ರೊಬೆಂಜೀನಿನ ಆವಿಯನ್ನೂ ಜಲಜನಕವನ್ನೂ ಹಾಯಿಸಿ ಅನಿಲೀನನ್ನು ಪಡೆದರು. ಉಳಿದುದು ನೀರು ಮಾತ್ರ. ಮದುವೆಯನ್ನು ನಡೆಯಿಸಿ ತಾನು ಬಂದಂತೆಯೇ ಮರಳುವ ಪುರೋಹಿತನಂತೆ ತಾಮ್ರವು ತಾನು ವೆಚ್ಚವಾಗದೆ ಕಾರ್ಯವನ್ನು ನೆರವೇರಿಸಿತು. ಇಂತಹುದಕ್ಕೆ ಕ್ರಿಯಾವರ್ಧಕವೆಂದು ಹೆಸರು. ಸಬಾತಿಯೆಗೆ ೧೯೧೨ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಉಂಗುರದಲ್ಲಿ ಕ್ಲೋರಿನ್ ಇದ್ದರೆ ಮಾತ್ರ ತೊಡಕು. ನಿಕಲ್, ಪಲ್ಲೇಡಿಯಮ್ ಮೊದಲಾದುವು ನೈಟ್ರೊ ಗುಂಪನ್ನು ಮಾರ್ಪಡಿಸುವುದರೊಡನೆ ಕ್ಲೋರಿನ್ನನ್ನೂ ಕಿತ್ತುಹಾಕಬಲ್ಲವು. ಆದುದರಿಂದ ಪ್ಲಾಟಿನಮ್ಮಿಗೆ ಗಂಧಕದ ಸೋಂಕನ್ನು ತಗುಲಿಸಿ ಅದರ ತೀಕ್ಷ್ಣತೆಯನ್ನು ಕುಗ್ಗಿಸುವ ಉಪಾಯವನ್ನು ಮುಂದಿನವರು ಕಂಡುಕೊಂಡರು. ಕ್ರಿಯಾವರ್ಧಕಕ್ಕೆ ವಿಷವೆನಿಸಿದ ಗಂಧಕವೇ ಇಲ್ಲಿ ಉಪಕಾರಿಯಾಯಿತು.

ಈ ಕ್ಲೋರಿನ್ನನ್ನು ಉಳಿಸುವುದರಲ್ಲಿ ಏನು ಲಾಭವೆಂದರೆ, ಕ್ಲೋರೊಅನಿಲೀನೇ ಮಲೇರಿಯಾ ಮದ್ದಿನ ಮೂಲದ್ರವ್ಯಗಳಲ್ಲೊಂದು. ೧೯೩೪ರಲ್ಲಿ ಜರ್ಮನಿಯ ಆಂಡರ್ಸಾಗ್ ರಚಿಸಿದ ಕ್ಲೋರೊಕ್ವಿನ್ ಅದರ ಒಂದು ಬಗೆಯಿಂದ ಹೊರಡುತ್ತದೆ. ೧೯೪೫ರಲ್ಲಿ ಪ್ರಕಟವಾದ ಪ್ರೋಗ್ವಾನಿಲ್ ಮತ್ತೊಂದರಿಂದ. ಅತ್ತ ೧೯೪೬ರಲ್ಲಿ ಮುಂಬಯಿ ಪ್ರಾಂತದ ಡಾ. ಡಿ. ಕೆ. ವಿಶ್ವನಾಥನ್ ಅವರು ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಡಿ.ಡಿ.ಟಿ. ಸಿಂಪಡಿಸುವ ಕಾರ್ಯವನ್ನು ಕೈಕೊಂಡರು. ೧೯೫೩ರಲ್ಲಿ ಅದು ರಾಷ್ಟ್ರದ ಯೋಜನೆಯೇ ಆಯಿತು. ಹೀಗೆ ಸೊಳ್ಳೆಗೆ ಒಂದು, ರೋಗಿಗೆ ಒಂದು ಎಂದು ಎರಡು ಕಡೆಯಿಂದ ವ್ಯಾಧಿಯನ್ನು ಮುತ್ತಲಾಯಿತು.

ಪರ್ಕಿನ್ ಅರಸಿದ ಮದ್ದು ಅವನಿಗೆ ದೊರೆಯಲಿಲ್ಲ; ಅವನು ಹಿಡಿದ ದ್ರವ್ಯದ ಬಳಗದಿಂದಲೇ ಮುಂದಿನವರಿಗೆ ಬೇರೆ ಮದ್ದುಗಳು ದೊರೆತುವು. ಮಲೇರಿಯಾದ ಒಂದು ಘೋರವಾದ ಬಗೆಗೆ ಭಾರತದಲ್ಲಿ ಈಗ ಬೇರೆ ಔಷಧಗಳು ಬಂದಿವೆ. ದಿನ ಬಿಟ್ಟು ದಿನ ಬರುವ ವೈವ್ಯಾಕ್ಸ್ ಎಂಬ ಬಗೆಗೆ ಮಾತ್ರ ಇಂದಿಗೂ ಕ್ಲೋರೊಕ್ವಿನ್ನೇ ಕೊಡಲ್ಪಡುತ್ತಿದೆ.