ಹಾನಗಲ್ಲು ಮತ್ತು ಗೋವಾ ಕದಂಬರು

ಬನವಾಸಿ ಕದಂಬರ ಪರಂಪರೆಯವರೆಂದು ಹೇಳಿಕೊಂಡ, ಕಲ್ಯಾಣಿ ಚಾಲುಕ್ಯರಿಗೆ ಸಾಮಂತರಾಗಿದ್ದ ಎರಡು ಮನೆತನಗಳು. ಒಂದೇ ಹೆಸರಿನ ಈ ಕುಲಗಳ ಹಾದಿಯನ್ನು ನೆಲ ಮತ್ತು ಕಡಲು ಬೇರೆಮಾಡಿದವು.

ಒಳನಾಡು: ಹಾವೇರಿ ಜಿಲ್ಲೆಯ ಹಾನಗಲ್ಲಿನ ಶಾಖೆ ಪಾನುಂಗಲ್ಲು (ಹಾನಗಲ್ಲು) 500 ಮತ್ತು ಬನವಾಸಿ 12000 ನಾಡುಗಳನ್ನು ಆಳಿತು. ಕೆರೆ, ಕೃಷಿ, ಕೋಟೆಗಳೇ ಅದರ ಬಲ; ನೆರೆಯ ದೊಡ್ಡ ಅರಸರ ದಂಡಯಾತ್ರೆಯೇ ಅದರ ಅಪಾಯ. 1196ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳ ಹಾನಗಲ್ಲಿಗೆ ಮುತ್ತಿಗೆ ಹಾಕಿದ.

ಕರಾವಳಿ: ಗೋವಾ ಶಾಖೆ ಗೋಪಕಪಟ್ಟಣ ಬಂದರು ಮತ್ತು ನೌಕಾಪಡೆಯನ್ನು ನೆಚ್ಚಿತು. 11ನೇ ಶತಮಾನದಲ್ಲಿ ಒಂದನೆಯ ಜಯಕೇಶಿಯ ಆಡಳಿತದಲ್ಲಿ ಅರಬ್ ಮೂಲದ ಅಧಿಕಾರಿಯೂ ಇದ್ದ. ಆ ಆಸ್ಥಾನದ ನಂಟು ಸಮುದ್ರದಾಚೆಗೂ ಚಾಚಿತ್ತು.

ಮುಂದೆ: ಸವಣೂರು ಮತ್ತು ಶಿಗ್ಗಾವಿ ತಾಲ್ಲೂಕಿನ ಬಂಕಾಪುರವನ್ನು ಆಳಿದ ನವಾಬರೂ ಹಾನಗಲ್ಲು ಶಾಖೆಯಂತೆ ಬಂದರಿಲ್ಲದ ಒಡೆಯರು. ಮರಾಠರು ಮತ್ತು ಮೈಸೂರಿನ ನಡುವೆ ಸಿಲುಕಿದ ಸವಣೂರು 1756ರಲ್ಲಿ ಪೇಶ್ವೆಯ ಮುತ್ತಿಗೆ ಕಂಡಿತು.